ಚೊಗರಿನ ಹಂಡೆಯ ಲೆಕ್ಕ

ಅಡಿಕೆ ಬೇಯಿಸಿದ ಹಂಡೆಯಲ್ಲಿ ಕಡೆಗೆ ಉಳಿಯುವ ಮಂದ ಕೆಂಪು ನೀರಿಗೆ ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಚೊಗರು ಅಂತಾರೆ. ಕೈಗೆ ತಾಗಿದರೆ ಎರಡು ಮೂರು ದಿನ ಹೋಗಲ್ಲ. ಬಟ್ಟೆಗೆ ಬಿದ್ದರೆ ಹೋಗುವುದೇ ಇಲ್ಲ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಯೂನಿಫಾರಂ ತೋಳಿಗೆ ಚೊಗರು ಮಾಡಿಕೊಂಡು ಅಮ್ಮನ ಹತ್ತಿರ ಸರಿಯಾಗಿ ಬೈಸಿಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷಕ್ಕೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಅದೇ ಬಣ್ಣದ ಜುಬ್ಬಾ ನೇತುಹಾಕಿದ್ದು ಕಂಡೆ. ಕೇಳಿದೆ. ಹೌದು, ಚೊಗರೇ. ಅಮ್ಮ ಬೈದ ಕಲೆಗೆ ಇಲ್ಲಿ ನಾನೇ ದುಡ್ಡು ಕೊಡಬೇಕಿತ್ತು.

ಊರಿನ ಕಷ್ಟಕ್ಕೆ, ಕಾಡಿನ ಕಷ್ಟಕ್ಕೆ ವ್ಯಾಪಾರದಲ್ಲೇ ಮದ್ದು ಹುಡುಕುವುದಕ್ಕೆ ಈಗ ಸೋಷಿಯಲ್ ಎಂಟರ್‌ಪ್ರೈಸ್ ಅನ್ನುವ ಹೆಸರಿದೆ. ಸಾಮಾಜಿಕ ಉದ್ಯಮ ಅಂತಲೂ ಕರೆಯುತ್ತಾರೆ. ಕೇಳಿದರೆ ನಮ್ಮ ಕಡೆಯ ಹಳಬರು ನಗಬಹುದು. ಸೊಸೈಟಿ ಅಂದರೆ ಅದೇ ಅಲ್ವಾ? ಮಲೆನಾಡಿನಲ್ಲಿ ಈ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ಅದರಲ್ಲಿ ಗೆದ್ದದ್ದೂ ಇದೆ, ಸೋತದ್ದೂ ಇದೆ. ಎರಡನ್ನೂ ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಮಾಲಿನ ರೇಟಿನಲ್ಲಿ ಯಾರ ಪಾಲು ಸೇರಿದೆ, ಯಾರದ್ದು ಬಿಟ್ಟುಹೋಗಿದೆ?

ಮಂಡಿಯಿಂದ ಸೊಸೈಟಿಗೆ

ಅಡಿಕೆಯ ದುಡ್ಡು ಬರುವುದು ವರ್ಷಕ್ಕೊಮ್ಮೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ. ಮಳೆಗಾಲದಲ್ಲಿ ಕೈ ಖಾಲಿಯಾದ ಬೆಳೆಗಾರ ಮಂಡಿ ಸಾಹುಕಾರನ ಹತ್ತಿರ ಮುಂಗಡ ತರುತ್ತಿದ್ದ. ಮುಂಗಡ ಕೊಟ್ಟವನಿಗೇ ಅಡಿಕೆ ಹಾಕಬೇಕು. ತೂಕ ಅವನದು, ರೇಟು ಅವನದು, ಬಡ್ಡಿಯೂ ಅವನದೇ. ಎಷ್ಟೋ ಮನೆಗಳಲ್ಲಿ ಫಸಲು ಮರದ ಮೇಲಿರುವಾಗಲೇ ಚೇಣಿಗೆ, ಅಂದರೆ ಗುತ್ತಿಗೆಗೆ, ಹೋಗಿಬಿಡುತ್ತಿತ್ತು.

ಇದಕ್ಕೆ ಉತ್ತರವಾಗಿ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ ಹುಟ್ಟಿತು. 1939ರಲ್ಲಿ ಶಿವಮೊಗ್ಗದಲ್ಲಿ ಅಂಥದ್ದೇ ಸೊಸೈಟಿ ಮ್ಯಾಮ್‌ಕೋಸ್ ಬಂತು. ಸಾಗರಕ್ಕೆ ಆಪ್ಸ್‌ಕೋಸ್ ಬಂತು. ಕೆಲಸದ ರೀತಿ ಸರಳ. ಬೆಳೆಗಾರ ಅಡಿಕೆ ತಂದು ಸೊಸೈಟಿ ಗೋಡೌನಿನಲ್ಲಿ ಇಡುತ್ತಾನೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ದರ್ಜೆ ಬೇರೆ ಬೇರೆ ಮಾಡುತ್ತಾರೆ. ವ್ಯಾಪಾರಿಗಳು ಬಂದು ನೋಡಿ ಟೆಂಡರ್ ಬರೆಯುತ್ತಾರೆ. ರೇಟು ಹಿಡಿಸದಿದ್ದರೆ ಇವತ್ತು ಕೊಡಲ್ಲ ಅನ್ನಬಹುದು. ಅಲ್ಲಿಯವರೆಗೆ ಮನೆ ಖರ್ಚಿಗೆ ಅದೇ ಅಡಿಕೆಯ ಮೇಲೆ ಸಾಲ ಸಿಗುತ್ತದೆ. ‘ಇವತ್ತು ಕೊಡಲ್ಲ’ ಅನ್ನುವ ಆ ಮಾತಿನಲ್ಲೇ ಸೊಸೈಟಿಯ ಗೆಲುವಿದೆ ಅಂತ ನನಗನಿಸುತ್ತದೆ. ಮಂಡಿಯ ಸಾಲ ಹೊತ್ತವನಿಗೆ ಹಾಗೆ ಅನ್ನುವ ಧೈರ್ಯ ಎಲ್ಲಿತ್ತು? 1970ರ ಹೊತ್ತಿಗೆ ಅಡಿಕೆ ರೇಟು ನೆಲ ಕಚ್ಚಿದಾಗ ಕರಾವಳಿಯವರೂ ಇದೇ ದಾರಿ ಹಿಡಿದರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಶುರುವಾಯಿತು.

ಆದರೆ ಸೊಸೈಟಿಯ ಸದಸ್ಯನಾಗಬೇಕಾದರೆ ತೋಟ ಇರಬೇಕು. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುತ್ತಿದ್ದ ಹೆಂಗಸರಿಗೆ ತೋಟ ಎಲ್ಲಿಂದ ಬರಬೇಕು? ಅವರಿಗೆ ಡಬ್ಬಕ್ಕಿಷ್ಟು ಅಂತ ಲೆಕ್ಕ. ಡಬ್ಬ ತುಂಬಿತು ಅಂತ ಗೀರು ಹಾಕುವವರು ಮನೆ ಯಜಮಾನರು. ಆ ಗೀರಿಗೆ ಸೊಸೈಟಿಯ ಪುಸ್ತಕದಲ್ಲಿ ಜಾಗ ಇರಲಿಲ್ಲ. ಭೂಮಿ ಇಲ್ಲದವರ ಲೆಕ್ಕ ಇತ್ಯರ್ಥವಾದದ್ದು ವ್ಯಾಪಾರದಿಂದ ಅಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು, ಗೇಣಿ ಅಳೆಯುವ ಕೊಳಗ ದೊಡ್ಡದಾಯಿತು ಅಂತ ತಕರಾರು ತೆಗೆದು ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಅರೆಸ್ಟ್ ಮಾಡಿದರು. ಉಳುವವನಿಗೇ ಹೊಲ ಅನ್ನುವುದು ಕಾನೂನಾಗಿ ಗಟ್ಟಿಯಾಗಲು 1974ರವರೆಗೆ ಕಾಯಬೇಕಾಯಿತು. ಉದ್ಯಮದಿಂದಲೇ ಎಲ್ಲ ಸರಿಹೋಗುತ್ತದೆ ಅನ್ನುವವರು ಸಿಕ್ಕಾಗ ನನಗೆ ಸುಮ್ನೆ ಆ ಕೊಳಗ ನೆನಪಾಗುತ್ತದೆ.

ಇನ್ನೊಂದು ಮಾತನ್ನು ನಮ್ಮ ಕಡೆ ಯಾರೂ ಗಟ್ಟಿಯಾಗಿ ಆಡುವುದಿಲ್ಲ. ನಮ್ಮ ಕೆಂಪಡಿಕೆಗೆ ದೊಡ್ಡ ಗಿರಾಕಿ ಗುಟ್ಕಾ, ಪಾನ್ ಮಸಾಲ. ಬರೀ ಅಡಿಕೆ ಜಗಿದರೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ ತೀರ್ಮಾನಿಸಿದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಮಾರುವವರು ಪಾನ್ ಮಸಾಲವನ್ನೂ ತಂಬಾಕನ್ನೂ ಬೇರೆ ಬೇರೆ ಪ್ಯಾಕೆಟ್ ಮಾಡಿಕೊಂಡರು. ಬೆಳೆಗಾರನನ್ನು ಕಾಪಾಡಿದ ಸೊಸೈಟಿಯ ಬಗ್ಗೆ ನನಗೆ ಗೌರವ ಇದೆ. ಹಾಗಂತ ಜಗಿಯುವವನ ಬಾಯಿಯ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ ಅನ್ನುವುದನ್ನು ಮುಚ್ಚಿಡಲು ಆಗಲ್ಲ.

ಕಾಡನ್ನು ಉರಿಸಿದ್ದು, ಕಾಡನ್ನು ನೆಟ್ಟಿದ್ದು

ಸೊಸೈಟಿಗಳು ಹುಟ್ಟಿದ ಕಾಲದಲ್ಲೇ ಈ ಜಿಲ್ಲೆಗೆ ದೊಡ್ಡ ಕಾರ್ಖಾನೆಗಳೂ ಬಂದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಇಳಿಯಿತು. ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದ ಅಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. 1936ರಲ್ಲಿ ಅಲ್ಲೇ ಮೈಸೂರು ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳು ಇವು. ಭದ್ರಾವತಿ ಅನ್ನುವ ಪಟ್ಟಣ ಬೆಳೆದದ್ದೇ ಅವುಗಳಿಂದ. ಆದರೆ ಕಾಗದಕ್ಕೆ ತಿರುಳು ಬೇಕು ಅಂತ ಗುಡ್ಡಗಳ ಮೇಲೆ ನೀಲಗಿರಿ, ಅಕೇಶಿಯಾ ಬಂತು. ದನ ಮೇಯುತ್ತಿದ್ದ ಬ್ಯಾಣ, ಸೊಪ್ಪು ಕಡಿಯುತ್ತಿದ್ದ ಗುಡ್ಡ ಎಲ್ಲ ಒಂದೇ ಜಾತಿಯ ಮರದ ಸಾಲಾಯಿತು.

1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನುವ, ಸರ್ಕಾರ ಮತ್ತು ಖಾಸಗಿಯವರ ಜಂಟಿ ಕಂಪನಿಗೆ 30,000 ಹೆಕ್ಟೇರ್ ಸರ್ಕಾರಿ ಭೂಮಿ ಕೊಡುವ ಏರ್ಪಾಡಾಯಿತು. ಶಿವಮೊಗ್ಗ ಜಿಲ್ಲೆಯ ನೆಲವೂ ಅದರಲ್ಲಿತ್ತು. ಪಾಳು ಭೂಮಿಯನ್ನು ಹಸಿರು ಮಾಡುತ್ತೇವೆ ಅನ್ನುವುದು ಅವರ ವಾದ. ಪಾಳು ಅಂತ ಕಾಗದದಲ್ಲಿ ಬರೆದಿದ್ದರು, ಅಷ್ಟೇ. ಊರಿನವರಿಗೆ ಅದು ಸೌದೆ, ಸೊಪ್ಪು, ಮೇವು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ ಹಚ್ಚಿಕೋ ಅಂತ ಅದಕ್ಕೆ ಹೆಸರಾಯಿತು. 1991ರಲ್ಲಿ ಕಂಪನಿಯೇ ಮುಚ್ಚಿತು. ಪೇಪರ್ ಮಿಲ್ ಕೂಡ 2015ರ ಹೊತ್ತಿಗೆ ನಿಂತುಹೋಯಿತು. ತಮಾಷೆ ಅಂದರೆ ಮಿಲ್ ನಿಂತ ಮೇಲೂ 2020ರಲ್ಲಿ ಅದರ ನೆಡುತೋಪಿನ ಗುತ್ತಿಗೆ 40 ವರ್ಷ ಮುಂದುವರಿಯಿತು. ನಮ್ಮೂರಿಗೆ ಅಕೇಶಿಯಾ ಮರ ಬೇಡ ಅಂತ ಶಿವಮೊಗ್ಗದಲ್ಲಿ ಮತ್ತೆ ಚಳವಳಿ ಎದ್ದದ್ದು ಆಗಲೇ.

ಸಣ್ಣ ವ್ಯಾಪಾರವೂ ಕಾಡಿಗೆ ಮುಳುವಾಗಬಹುದು. ಕಾಡಿನ ಹುಳಿಹಣ್ಣು ಉಪ್ಪಾಗೆಯನ್ನೇ ನೋಡಿ. ಮೊದಲು ಅದರ ಸಿಪ್ಪೆ ಹುಳಿಗೆ, ಬೀಜದ ತುಪ್ಪ ಬಡವರ ಮನೆಯ ಒಗ್ಗರಣೆಗೆ. 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗೆ ಬೇಕು ಅಂತ ಹೊರದೇಶದಿಂದ ಬೇಡಿಕೆ ಬಂತು. ರೇಟು ಏರಿತು. ಹಣ್ಣಾಗುವವರೆಗೆ ಕಾದರೆ ಪಕ್ಕದವನು ಕೊಯ್ಯುತ್ತಾನೆ ಅಂತ ಕಾಯನ್ನೇ ಕೊಯ್ದರು, ಕೊಂಬೆಯನ್ನೇ ಕಡಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಸಿಪ್ಪೆ ಬಿಸಿಲಿಗೆ ಒಣಗಲ್ಲ, ಒಲೆಯ ಮೇಲೆ ತಟ್ಟಿ ಕಟ್ಟಿ ಹೊಗೆ ಹಾಕಬೇಕು. ಅದಕ್ಕೆ ಮತ್ತೆ ಕಾಡಿನದೇ ಸೌದೆ. ಕಾಡಿನ ಉತ್ಪನ್ನಕ್ಕೆ ಒಳ್ಳೆ ರೇಟು ಸಿಕ್ಕಿದರೆ ಜನ ಕಾಡನ್ನು ತಾವೇ ಉಳಿಸುತ್ತಾರೆ ಅನ್ನುವ ಮಾತು ಚೆಂದ. ಮರ ಯಾರದು ಅಂತ ಗೊತ್ತಿಲ್ಲದ ಕಡೆ ಅದು ತಿರುಗಿಬೀಳುತ್ತದೆ. ಸೌದೆ ಕಡಿಮೆ ತಿನ್ನುವ ಒಣಗಿಸುವ ಒಲೆಗಳು ಬಂದದ್ದು ಆಮೇಲೆ.

ಭೀಮನಕೋಣೆಯ ಮಗ್ಗಗಳು

ಚೊಗರಿನ ಜುಬ್ಬಾ ಬಂದದ್ದು ಹೆಗ್ಗೋಡಿನ ಪಕ್ಕದ ಭೀಮನಕೋಣೆಯಿಂದ. ರಂಗಕರ್ಮಿ ಪ್ರಸನ್ನ ಅಲ್ಲಿ 1996ರಲ್ಲಿ ಊರಿನ ಹೆಂಗಸರ ಜೊತೆ ಸೇರಿ ಚರಕ ಅನ್ನುವ ಮಹಿಳಾ ಸಹಕಾರ ಸಂಘ ಕಟ್ಟಿದರು. ನೂಲಿಗೆ ಬಣ್ಣ ಹಾಕುವುದು, ನೇಯುವುದು, ಹೊಲಿಯುವುದು, ಲೆಕ್ಕ ಬರೆಯುವುದು ಎಲ್ಲ ಹೆಂಗಸರದೇ. ಬಟ್ಟೆ ಮಾರಲು ದೇಸಿ ಅನ್ನುವ ಹೆಸರಿನ ಅಂಗಡಿಗಳು ಬಂದವು.

ಯೋಚಿಸಿದರೆ ಇದು ಸುಲಭದ ಜಾಗ ಅಲ್ಲ. ಹತ್ತಿ ಬೆಳೆಯದ ಸೀಮೆ. ನಾಲ್ಕು ತಿಂಗಳು ಬಿಸಿಲು ಕಾಣಲ್ಲ, ಬಣ್ಣ ಹಾಕಿದ ನೂಲು ಒಣಗುವುದೇ ಒಂದು ಕಥೆ. ಆದರೆ ಚೊಗರು ಇತ್ತು. ಚೊಗರಿನಲ್ಲಿ ಒಗರಿನ ಅಂಶ ಜಾಸ್ತಿ, ಅದೇ ನೂಲಿಗೆ ಹಿಡಿಯುತ್ತದೆ. ಪಟಿಕ ಹಾಕಿದರೆ ಕೆಂಪು ಮಿಶ್ರಿತ ಕಂದು. ಕಬ್ಬಿಣದ ನೀರು ಬೆರೆಸಿದರೆ ಕಪ್ಪಿಗೆ ತಿರುಗುತ್ತದೆ. ದಾಳಿಂಬೆ ಸಿಪ್ಪೆಯಿಂದ ಹಳದಿ, ನೀಲಿ ಗಿಡದಿಂದ ನೀಲಿ. ಬಣ್ಣದ ಮನೆಯಿಂದ ಹೊರಗೆ ಹೋಗುವ ನೀರಿನಲ್ಲಿ ರಾಸಾಯನಿಕ ಬಣ್ಣದ ವಿಷ ಇಲ್ಲ.

ಹೆಂಗಸಿನ ಸಂಬಳ, ನೀರಿನ ಶುದ್ಧಿ, ಕೈಕೆಲಸದ ನಿಧಾನ, ಮೂರನ್ನೂ ಚರಕ ಬಟ್ಟೆಯ ರೇಟಿನೊಳಗೇ ತಂದಿತು. ಆಗ ಬಟ್ಟೆ ದುಬಾರಿಯಾಯಿತು. ಹಾಗಾಗಿ ಅದನ್ನು ಕೊಳ್ಳುವವರು ಬೆಂಗಳೂರಿನಲ್ಲಿ ಜಾಸ್ತಿ, ಭೀಮನಕೋಣೆಯಲ್ಲಿ ಕಡಿಮೆ. ಇದು ಚರಕದ ತಪ್ಪು ಅಂತ ನಾನು ಹೇಳಲ್ಲ. ಮಿಲ್ ಬಟ್ಟೆ ಅಗ್ಗವಾಗಿರುವುದು ಅದರ ಖರ್ಚಿನ ಒಂದು ಭಾಗವನ್ನು ಯಾವುದೋ ನದಿ ಹೊರುತ್ತಿರುವುದರಿಂದ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಮಗ್ಗದ ಬಟ್ಟೆಗೂ ತೆರಿಗೆ ಬಿತ್ತು. ಕೈ ಉತ್ಪನ್ನಕ್ಕೆ ತೆರಿಗೆ ಬೇಡ ಅಂತ ಪ್ರಸನ್ನ ಸತ್ಯಾಗ್ರಹ ಮಾಡಿದರು. 2020ರಲ್ಲಿ ಕೊರೊನಾ. ಅಂಗಡಿ ಬಾಗಿಲು ಮುಚ್ಚಿ ಬಟ್ಟೆ ಹಾಗೇ ಉಳಿಯಿತು, ಸರ್ಕಾರದಿಂದ ಬರಬೇಕಾದ ಹಣವೂ ಬರಲಿಲ್ಲ. ಸಂಘ ದಿವಾಳಿಯಾಗಿದೆ ಅಂತ ಚರಕವೇ ಬಹಿರಂಗವಾಗಿ ಹೇಳಿತು. ಮುಚ್ಚಿಟ್ಟು ನರಳುವ ಸಂಘಗಳನ್ನು ನೋಡಿದವರಿಗೆ ಇದು ಎಷ್ಟು ಅಪರೂಪ ಅಂತ ಗೊತ್ತು. ಸುದ್ದಿ ಕೇಳಿ ಎಷ್ಟೋ ಜನ ಮರುಗಿದರು. ಸಂಘ ಅಲ್ಲಿಗೆ ಮುಗಿಯಲಿಲ್ಲ.

ಅಣೆಕಟ್ಟಿನ ಬುಡದ ಕತ್ತಲೆ

ಶರಾವತಿಯ ಕಥೆ ಬೇರೆ ಥರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ನೀರಿನಿಂದ ಶರಾವತಿ ವಿದ್ಯುದಾಗಾರ 1,035 ಮೆಗಾವಾಟ್ ಉತ್ಪಾದಿಸಬಲ್ಲದು. ಹೊಲ, ಮನೆ ಮುಳುಗಿಸಿಕೊಂಡು ಕಾಡಿನ ಅಂಚಿಗೆ ಹೋದವರ ಎಷ್ಟೋ ಮನೆಗಳಲ್ಲಿ ಮಾತ್ರ ದಶಕಗಟ್ಟಲೆ ಚಿಮಣಿ ಬುಡ್ಡಿಯೇ ಗತಿಯಾಯಿತು. ತಂತಿ ಎಳೆಯಲು ಮನೆಗಳು ದೂರ ದೂರ, ನಡುವೆ ಕಾಡು.

1995ರಲ್ಲಿ ಹರೀಶ್ ಹಂದೆ ಶುರುಮಾಡಿದ ಸೆಲ್ಕೊ ಕರ್ನಾಟಕದ ಹಳ್ಳಿಗಳಿಗೆ ಸೋಲಾರ್ ದೀಪ ಮಾರಲು ಹೊರಟಿತು. ಪುಕ್ಕಟೆ ಹಂಚಲಿಲ್ಲ, ಮಾರಿತು. ಅದರ ಜಾಣತನ ಇದ್ದದ್ದು ದೀಪದಲ್ಲಿ ಅಲ್ಲ, ಕಂತಿನಲ್ಲಿ. ಗ್ರಾಮೀಣ ಬ್ಯಾಂಕು, ಸೊಸೈಟಿಗಳನ್ನು ಒಪ್ಪಿಸಿ ಸಾಲ ಕೊಡಿಸಿದರು. ಅಡಿಕೆಯವನು ಸುಗ್ಗಿಯಲ್ಲಿ ಕಟ್ಟಲಿ, ದಿನಗೂಲಿಯವನು ದಿನದ ಲೆಕ್ಕದಲ್ಲಿ ಕಟ್ಟಲಿ ಅಂತ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೂ ಒಂದು ಚುಚ್ಚುವ ವಿಷಯ ಇದೆ. ಊರು ಬಿಟ್ಟುಕೊಟ್ಟು ನಾಡಿಗೆ ಕರೆಂಟು ಕೊಟ್ಟವರು ತಮ್ಮ ಮನೆಯ ದೀಪಕ್ಕೆ ಸಾಲ ಮಾಡಬೇಕಾಯಿತು. ಸಾಲವನ್ನು ಸುಲಭ ಮಾಡುವುದು ಉದ್ಯಮದ ಕೈಯಲ್ಲಿತ್ತು. ಆ ಸಾಲ ಅವರ ತಲೆಗೇ ಯಾಕೆ ಬಂತು ಅನ್ನುವುದು ಅದರ ಕೈಮೀರಿದ ಪ್ರಶ್ನೆ.

ಸಾಲ ಅಂದಾಗ ಸ್ತ್ರೀಶಕ್ತಿ ಸಂಘಗಳನ್ನೂ ನೆನೆಯಬೇಕು. ವಾರಕ್ಕೆ ಹತ್ತು ರೂಪಾಯಿ ಉಳಿತಾಯದಿಂದ ಎದ್ದ ಮನೆಗಳು ನಮ್ಮೂರಲ್ಲೇ ಇವೆ. ಅದೇ ಗುಂಪುಗಳ ಬೆನ್ನು ಹತ್ತಿ ಬಂದ ಕಿರುಸಾಲದ ಕಂಪನಿಗಳ ವಸೂಲಿ ಎಲ್ಲಿಗೆ ಮುಟ್ಟಿತು ಅಂದರೆ, 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಹಾಳೆ ತಟ್ಟೆ

ಈಗಿನ ಉತ್ಸಾಹ ಹಾಳೆ ತಟ್ಟೆಯದು. ಅಡಿಕೆ ಮರದಿಂದ ಹಾಳೆ, ಅಂದರೆ ಸೋಗೆಯ ಬುಡದ ಅಗಲವಾದ ಭಾಗ, ತಾನಾಗಿಯೇ ಬೀಳುತ್ತದೆ. ಮರ ಕಡಿಯುವುದು ಬೇಡ. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. 2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ, 2022ರ ಜುಲೈನಿಂದ ದೇಶದಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್‌ಗೆ ನಿಷೇಧ. ತೀರ್ಥಹಳ್ಳಿ, ಸಾಗರದ ಕಡೆ ಎಷ್ಟೋ ಮನೆಗಳ ಪಡಸಾಲೆಗೆ ಒತ್ತುವ ಮಿಷನ್ ಬಂತು.

ಮಳೆಗಾಲ ಇಲ್ಲೂ ಬಿಡಲ್ಲ. ನಮ್ಮ ಮನೆಯ ಒಂದು ಗೃಹಪ್ರವೇಶಕ್ಕೆ ಐನೂರು ತಟ್ಟೆ ತರಿಸಿದ್ದೆವು. ಬೆಳಗ್ಗೆ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಬೂದು ಬೂಸ್ಟು. ಕಡೆಗೆ ಹಿತ್ತಿಲಿನ ಬಾಳೆ ಎಲೆಯೇ ಮಾನ ಉಳಿಸಿತು. ಹಾಳೆ ಪೂರ್ತಿ ಒಣಗಬೇಕು, ಒಣಗಿದ ಮೇಲೂ ತೇವ ತಾಗಬಾರದು. ಅದಕ್ಕೆ ಶೆಡ್ ಬೇಕು, ಶೆಡ್ಡಿಗೆ ಬಂಡವಾಳ ಬೇಕು. ಅಲ್ಲಿಗೆ ಮತ್ತೆ ತೋಟ ಇದ್ದವನೇ ಉದ್ಯಮಿ, ಹಾಳೆ ಹೆಕ್ಕುವವರು ಕೂಲಿ.

2025ರ ಮೇ ತಿಂಗಳಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಡಿಕೆಯಲ್ಲಿರುವ ಹಾನಿಕರ ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹಾಳೆ ತಟ್ಟೆಗೆ ತಡೆ ಹಾಕಿತು. ರಫ್ತು ನಂಬಿದವರು ಕೈ ಸುಟ್ಟುಕೊಂಡರು. ನಮ್ಮಜ್ಜ ಹಾಳೆಯಲ್ಲೇ ಉಂಡ ಅನ್ನುವುದು ಲ್ಯಾಬಿಗೆ ಉತ್ತರ ಆಗಲ್ಲ. ತಟ್ಟೆ ಮಾರುವ ಮೊದಲೇ ಆ ಪರೀಕ್ಷೆಯನ್ನು ನಾವೇ ಮಾಡಿಸಿ ಇಟ್ಟುಕೊಳ್ಳಬೇಕಿತ್ತು ಅಂತ ನನ್ನ ಅಭಿಪ್ರಾಯ. ಒಂದೊಂದು ಮನೆಯ ಮಿಷನ್ನಿಗೆ ಅದು ಆಗದ ಕೆಲಸ. ಸೊಸೈಟಿಗಳಿಗೆ ಆಗುತ್ತದೆ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮಗನ ಅಂಗಳದಲ್ಲಿ ಸುಲಿಯುವ ಮಿಷನ್ ಓಡುತ್ತಿತ್ತು. ಮೆಟ್ಟುಗತ್ತಿಗಳು ಅಟ್ಟ ಸೇರಿದ್ದವು. ಮಿಷನ್ನಿನ ಮುಂದೆ ಇಬ್ಬರೇ ಹೆಂಗಸರು, ಸರಿಯಾಗಿ ಸುಲಿಯದ ಅಡಿಕೆ ಆರಿಸುತ್ತಿದ್ದರು. ಕೊಟ್ಟಿಗೆಯಲ್ಲಿ ಹಾಳೆಯ ರಾಶಿ. ತಟ್ಟೆಯವರು ಈ ಸಲ ಬಂದಿಲ್ಲವಂತೆ, ದನಕ್ಕಾಯಿತು ಅಂದ. ಹಂಡೆ ಕುದಿಯುತ್ತಿತ್ತು. ಒಲೆಗೆ ಇಟ್ಟದ್ದು ಅಕೇಶಿಯಾ ಸೌದೆ. ಮೂಲೆಯಲ್ಲಿ ಕ್ಯಾನಿನ ತುಂಬ ಚೊಗರು.

‘ಬಣ್ಣಕ್ಕೆ ಕೊಟ್ಟರೆ ಲೀಟರಿಗೆ ಎಷ್ಟು ಸಿಗುತ್ತೋ?’ ಅಂತ ಕೇಳಿದೆ.

ಅವನು ಬೆಂಕಿ ಮುಂದಕ್ಕೆ ತಳ್ಳಿ ಹೇಳಿದ: ‘ಸೌದೆ ಲೋಡಿಗೆ ಎಷ್ಟಾಗಿದೆ ಅಂತ ಮೊದಲು ಕೇಳು ಮಾರಾಯ.’