ಪುಟ್ ಆಫ್: ಮುಂದೂಡಿದ್ದು ಏನನ್ನು, ಯಾರನ್ನು?

ಇಂಗ್ಲಿಷಿನ ‘ಪುಟ್ ಆಫ್’ ಅಂದರೆ ಮುಂದೂಡು ಎಂದು ಶಾಲೆಯಲ್ಲೇ ಕಲಿತಿರುತ್ತೇವೆ. ಆ ಅರ್ಥ ಸರಿಯೇ. ಆದರೆ ‘ದ ಸ್ಮೆಲ್ ಪುಟ್ ಮಿ ಆಫ್’ ಎಂಬ ವಾಕ್ಯ ಎದುರಾದರೆ ಅದು ಕೈಕೊಡುತ್ತದೆ. ವಾಸನೆ ನನ್ನನ್ನು ಮುಂದೂಡಿತು ಅಂದರೆ ಏನೂ ತಿಳಿಯದು. ಇಂಥ ಕಡೆ ನಾನು ಮೊದಲು ನೋಡುವುದು ಕರ್ಮಪದವನ್ನು. ಪುಟ್ ಆಫ್ ಆದದ್ದು ಕೆಲಸವೋ, ಮನುಷ್ಯನೋ?

ಕೆಲಸ, ಸಭೆ, ಪರೀಕ್ಷೆ, ಪ್ರಯಾಣ ಆದರೆ ಹೆಚ್ಚುಕಡಿಮೆ ಯಾವಾಗಲೂ ಮುಂದೂಡುವುದೇ. ‘ದೇ ಪುಟ್ ಆಫ್ ದ ಮೀಟಿಂಗ್ ಟಿಲ್ ಮಂಡೇ’ ಅಂದರೆ ಸಭೆ ಸೋಮವಾರಕ್ಕೆ ಹೋಯಿತು. ಇದನ್ನು ‘ಕಾಲ್ ಆಫ್’ ಜೊತೆ ಬೆರೆಸಬಾರದು. ಪುಟ್ ಆಫ್ ಆದ ಮದುವೆ ಇನ್ನೊಂದು ದಿನ ನಡೆಯುತ್ತದೆ, ಕಾಲ್ ಆಫ್ ಆದ ಮದುವೆ ರದ್ದಾದ ಹಾಗೆಯೇ.

ಕನ್ನಡದವರು ಇಲ್ಲಿ ಇನ್ನೊಂದು ಕಡೆ ಎಚ್ಚರವಾಗಿರಬೇಕು. ದಿನ ತಡವಾದರೆ ನಾವು ‘ಮುಂದಕ್ಕೆ ಹಾಕಿದರು’ ಅನ್ನುತ್ತೇವೆ. ಅದನ್ನೇ ಪದಕ್ಕೆ ಪದ ಇಟ್ಟು ‘ಪುಟ್ ಫಾರ್ವರ್ಡ್’ ಅಂದರೆ, ಸಲಹೆಯನ್ನೋ ಹೆಸರನ್ನೋ ಸಭೆಯ ಮುಂದಿಟ್ಟರು ಎಂದಾಗಬಹುದು. ‘ಬ್ರಿಂಗ್ ಫಾರ್ವರ್ಡ್’ ಅಂದರಂತೂ ಪೂರ್ತಿ ಉಲ್ಟಾ, ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುವುದು. ಶುಕ್ರವಾರದ ಸಭೆಯನ್ನು ಬ್ರಿಂಗ್ ಫಾರ್ವರ್ಡ್ ಮಾಡಿದ್ದಾರೆ ಎಂಬ ಸಂದೇಶ ಓದಿ ಮುಂದಿನ ವಾರದ ಸೋಮವಾರ ಹೋದವರಿಗೆ ಖಾಲಿ ಕೋಣೆಯೇ ಗತಿ.

ಪುಟ್ ಆಫ್ ಆದದ್ದು ಮನುಷ್ಯನಾದರೆ ಅರ್ಥ ಬಗೆಬಗೆಯಾಗುತ್ತದೆ, ನನಗೆ ಇಷ್ಟವಾಗುವುದೂ ಈ ಭಾಗವೇ. ಮೊದಲನೆಯದು, ಮನಸ್ಸು ಮುರಿಯುವುದು. ‘ದ ಫಾಲ್ ಪುಟ್ ಹರ್ ಆಫ್ ಸೈಕ್ಲಿಂಗ್’: ಒಮ್ಮೆ ಬಿದ್ದ ಮೇಲೆ ಅವಳಿಗೆ ಸೈಕಲ್ಲಿನ ಸಹವಾಸವೇ ಬೇಡವಾಯಿತು. ಮೇಲೆ ಹೇಳಿದ ವಾಸನೆಯದೂ ಇದೇ ಕಥೆ. ವಾಸನೆಗೆ ತಿನ್ನುವ ಮನಸ್ಸೇ ಹೋಯಿತು. ಎರಡನೆಯದು, ಸಬೂಬು ಹೇಳಿ ಸಾಗಹಾಕುವುದು. ಸಾಲ ವಾಪಸ್ ಕೇಳಲು ಹೋದವನು ‘ಹಿ ಕೀಪ್ಸ್ ಪುಟಿಂಗ್ ಮಿ ಆಫ್’ ಅಂದರೆ, ‘ಇವತ್ತು ಬಾ, ನಾಳೆ ಬಾ ಅಂತ ಅಲೆಸುತ್ತಿದ್ದಾನೆ’ ಎಂದರ್ಥ. ಇಲ್ಲಿ ಮುಂದೂಡುವುದರ ನೆರಳೂ ಇದೆ, ಆದರೆ ಮುಂದೆ ಹೋಗುತ್ತಿರುವುದು ದುಡ್ಡು, ಅಲೆಯುತ್ತಿರುವವನು ಕೊಟ್ಟವನು. ಮೂರನೆಯದು, ಗಮನ ಕೆಡಿಸುವುದು. ಬ್ಯಾಟು ಬೀಸುವ ಹೊತ್ತಿಗೆ ಯಾರೋ ಕೂಗಿದರೆ ಆಟಗಾರ ‘ದಟ್ ಪುಟ್ ಮಿ ಆಫ್’ ಅನ್ನಬಹುದು. ಬಸ್ಸಿನಿಂದ ಇಳಿಸು ಎಂಬ ಅರ್ಥವೂ ಉಂಟು, ಆದರೆ ಅಪರೂಪ.

ಮನಸ್ಸು ಮುರಿಯುವ ಅರ್ಥದಿಂದಲೇ ‘ಆಫ್‌ಪುಟಿಂಗ್’ ಎಂಬ ವಿಶೇಷಣ ಬಂದಿದೆ. ಒಬ್ಬರ ಮಾತಿನ ಧಾಟಿ ಆಫ್‌ಪುಟಿಂಗ್ ಅಂದರೆ, ಹತ್ತಿರ ಹೋಗಿ ಮಾತಾಡಿಸೋಣ ಅನ್ನಿಸುವುದಿಲ್ಲ. ಅಸಹ್ಯ ಅನ್ನುವಷ್ಟು ಕಟುವಲ್ಲ, ಮುಜುಗರಕ್ಕಿಂತ ಸ್ವಲ್ಪ ಹೆಚ್ಚು.

ಬಳಸುವಾಗ ಎರಡು ಕಡೆ ಎಡವುತ್ತೇವೆ. ‘ಇಟ್’, ‘ದೆಮ್’, ‘ಮಿ’ ತರಹದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’ ಸರಿ, ಮುಂದೂಡುವ ಅರ್ಥದಲ್ಲಿ ‘ಪುಟ್ ಆಫ್ ಇಟ್’ ತಪ್ಪು. ಪುಟ್ ಆಫ್ ನಂತರ ಕ್ರಿಯಾಪದ ಬಂದರೆ ‘ಇಂಗ್’ ರೂಪ ಬೇಕು. ಡಾಕ್ಟರ ಬಳಿ ಹೋಗುವುದನ್ನು ತಳ್ಳುತ್ತಾ ಬಂದೆ ಅನ್ನಲು ‘ಐ ಪುಟ್ ಆಫ್ ಗೋಯಿಂಗ್ ಟು ದ ಡಾಕ್ಟರ್’ ಅನ್ನಬೇಕು, ‘ಪುಟ್ ಆಫ್ ಟು ಗೋ’ ಅಲ್ಲ.