ಬೆಟ್ಟ ಉಳಿಯಿತು, ಮೋಡ ಉದುರಿತು

ಓದುಗರ ಪ್ರಶ್ನೆ: ನಾನು ಚಿಂತಾಮಣಿ ಕಡೆಯವಳು. ಹವ್ಯಾಸಕ್ಕೆ ಚಿತ್ರ ಬರೆಯುತ್ತೇನೆ. ಇಷ್ಟು ದಿನ ಬೆಟ್ಟ, ಕೆರೆ, ಮರ ಅಂತ ಕಣ್ಣಿಗೆ ಕಂಡದ್ದನ್ನೇ ಬರೆದೆ. ಈಗ ಅಕ್ರಿಲಿಕ್, ಆಯಿಲ್ ಪೇಸ್ಟಲ್, ಮಣ್ಣು, ಹಳೆ ಕಾಗದ ಎಲ್ಲ ಸೇರಿಸಿ ಅಮೂರ್ತವಾಗಿ ಏನಾದರೂ ಮಾಡುವ ಆಸೆ. ಆದರೆ ಹಚ್ಚಿದ್ದು ಒಂದೆರಡು ತಿಂಗಳಿಗೆ ಪೊರೆ ಪೊರೆಯಾಗಿ ಏಳುತ್ತಿದೆ. ಯಾವುದರ ಮೇಲೆ ಯಾವುದನ್ನು ಹಚ್ಚಬೇಕು?

ಉತ್ತರ: ನಿಮ್ಮ ಪ್ರಶ್ನೆ ಓದಿ ನಗು ಬಂತು. ನಿಮ್ಮ ಮೇಲಲ್ಲ, ನಮ್ಮ ಮನೆ ಅಟ್ಟದಲ್ಲಿರುವ ಒಂದು ಚಿತ್ರ ನೆನಪಾಗಿ.

ಚಿಕ್ಕಬಳ್ಳಾಪುರದ ನಮ್ಮ ಮಹಡಿ ಮೇಲೆ ನಿಂತರೆ ನಂದಿ ಬೆಟ್ಟ ಕಾಣುತ್ತದೆ. 1,478 ಮೀಟರ್ ಎತ್ತರದ ಬೆಟ್ಟ. ಚಳಿಗಾಲದ ಬೆಳಗ್ಗೆ ಅದರ ತಲೆ ಮೋಡದೊಳಗೆ ಇರುತ್ತದೆ. ಒಂದು ವರ್ಷ ಅದನ್ನು ಆಯಿಲ್ ಬಣ್ಣದಲ್ಲಿ ಬರೆದೆ. ಬೆಟ್ಟವೇನೋ ಚೆನ್ನಾಗಿ ಬಂತು. ಮೋಡ ಮಾತ್ರ ಮನಸ್ಸಿಗೆ ಬರಲಿಲ್ಲ. ಆಯಿಲ್ ಒಣಗುವವರೆಗೆ ಕಾಯುವ ತಾಳ್ಮೆಯೂ ಇರಲಿಲ್ಲ. ಮೂರು ವಾರ ಬಿಟ್ಟು ಅದರ ಮೇಲೆ ಬಿಳಿ ಅಕ್ರಿಲಿಕ್ ಬಳಿದೆ. ಅರ್ಧ ಗಂಟೆಗೆ ಒಣಗಿತು. ಎಷ್ಟು ಸುಲಭ ಅಂತ ಖುಷಿಪಟ್ಟು ಯುಗಾದಿಗೆ ಗೋಡೆಗೆ ಹಾಕಿದೆ. ಗೌರಿ ಹಬ್ಬಕ್ಕೆ ಧೂಳು ಒರೆಸಲು ಇಳಿಸಿದರೆ, ಮೋಡ ಹಪ್ಪಳದ ಹಾಗೆ ಎದ್ದು ಬಟ್ಟೆಯ ಜೊತೆ ಬಂತು. ಬೆಟ್ಟಕ್ಕೆ ಏನೂ ಆಗಿರಲಿಲ್ಲ.

ಎಣ್ಣೆ ಸವರಿದ ಕಾವಲಿಯಿಂದ ದೋಸೆ ಸಲೀಸಾಗಿ ಎದ್ದು ಬರುತ್ತದೆ ಅಲ್ವಾ? ಅದೇ ಕತೆ.

ಎರಡು ಬಣ್ಣಗಳೂ ಒಣಗುವ ರೀತಿಯೇ ಬೇರೆ. ಅಕ್ರಿಲಿಕ್‌ನಲ್ಲಿರುವ ನೀರು ಆರಿ ಹೋಗುತ್ತದೆ, ಪ್ಲಾಸ್ಟಿಕ್‌ನಂಥ ಒಂದು ತೆಳು ಪೊರೆ ಉಳಿಯುತ್ತದೆ. ಆಯಿಲ್ ಬಣ್ಣದಲ್ಲಿ ಆರಿ ಹೋಗಲು ನೀರೇ ಇಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ದಿನ ಬೇಕು. ಒಳಗಿನಿಂದ ಪೂರ್ತಿ ಗಟ್ಟಿಯಾಗಲು ಆರು ತಿಂಗಳು, ದಪ್ಪ ಬಳಿದಿದ್ದರೆ ಒಂದು ವರ್ಷವೂ ಆಗಬಹುದು. ಅಲ್ಲಿಯವರೆಗೆ ಕೆಳಗಿನ ಪದರ ಒಳಗೊಳಗೇ ಅಲುಗಾಡುತ್ತಿರುತ್ತದೆ. ಮೇಲಿನ ನೀರಿನ ಬಣ್ಣಕ್ಕೆ ಜಿಡ್ಡಿನ ಮೇಲೆ ಹಿಡಿತ ಸಿಗುವುದಿಲ್ಲ.

ಹಾಗಾಗಿ ಒಂದೇ ಮಾತು ನೆನಪಿಟ್ಟುಕೊಳ್ಳಿ. ನೀರಿನದು ಕೆಳಗೆ, ಎಣ್ಣೆಯದು ಮೇಲೆ. ಒಣಗಿದ ಅಕ್ರಿಲಿಕ್ ಮೇಲೆ ಆಯಿಲ್ ಬಣ್ಣ ಹಚ್ಚಬಹುದು. ಆಯಿಲ್ ಮೇಲೆ ಅಕ್ರಿಲಿಕ್ ಹಚ್ಚುವ ಹಾಗಿಲ್ಲ. ಕೆಳಗಿನ ಅಕ್ರಿಲಿಕ್ ಕೂಡ ತುಂಬ ನುಣುಪಾಗಿ ಹೊಳೆಯಬಾರದು, ಸ್ವಲ್ಪ ಒರಟಾಗಿದ್ದರೆ ಆಯಿಲ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ನಿಮ್ಮ ಕೇಸಿನಲ್ಲಿ ಕಳ್ಳ ಆಯಿಲ್ ಪೇಸ್ಟಲ್ ಅಂತ ನನ್ನ ಊಹೆ. ಮೊದಲು ಪೇಸ್ಟಲ್‌ನಲ್ಲಿ ಗೆರೆ ಎಳೆದು, ಆಮೇಲೆ ಅದರ ಮೇಲೆ ಅಕ್ರಿಲಿಕ್ ಬಳಿದಿರಬೇಕು. ಆಯಿಲ್ ಪೇಸ್ಟಲ್ ಇನ್ನೂ ಮೊಂಡು. ಅದರಲ್ಲಿರುವ ಮೇಣ ಮತ್ತು ಎಣ್ಣೆ ಯಾವತ್ತೂ ಪೂರ್ತಿ ಒಣಗುವುದಿಲ್ಲ. ಹತ್ತು ವರ್ಷ ಬಿಟ್ಟು ಬೆರಳಿಟ್ಟರೂ ಬೆರಳಿಗೆ ಬಣ್ಣ ಬರುತ್ತದೆ. ಆದ್ದರಿಂದ ಅದು ಎಲ್ಲದರ ಕೊನೆಗೆ, ಎಲ್ಲದರ ಮೇಲೆ.

ಒಂದೇ ಒಂದು ಕಡೆ ಈ ಜಗಳ ನಮಗೆ ಉಪಯೋಗಕ್ಕೆ ಬರುತ್ತದೆ. ಕಾಗದದ ಮೇಲೆ ಮೇಣದ ಕ್ರೇಯಾನ್ ಅಥವಾ ಆಯಿಲ್ ಪೇಸ್ಟಲ್‌ನಿಂದ ಗೆರೆ ಎಳೆದು, ಮೇಲೆ ತೆಳುವಾದ ಜಲವರ್ಣ ಹರಿಸಿ. ಗೆರೆ ಇರುವ ಕಡೆ ನೀರು ನಿಲ್ಲದೆ ಜಾರಿ ಹೋಗುತ್ತದೆ. ಕೆರೆ ನೀರಿನ ಮಿನುಗು, ಮಳೆಯ ಎಳೆ, ಬಂಡೆ ಮೇಲಿನ ಬಿಳಿ ಕಲೆ, ಇವೆಲ್ಲ ಹೀಗೆ ತಾನಾಗಿ ಬರುತ್ತವೆ. ಕಂದವಾರ ಕೆರೆಯನ್ನು ನಾನು ಹತ್ತಾರು ಸಲ ಹೀಗೆ ಬರೆದಿದ್ದೇನೆ. ಇಲ್ಲಿ ಪೊರೆ ಏಳುವ ಭಯವಿಲ್ಲ, ಯಾಕೆಂದರೆ ಜಲವರ್ಣಕ್ಕೆ ಪೊರೆಯೇ ಇಲ್ಲ, ಅದು ಕಾಗದದೊಳಗೆ ಇಳಿಯುತ್ತದೆ.

ಈ ಕಲಸುಮೇಲೋಗರ ಹೊರದೇಶದ ಹೊಸ ಫ್ಯಾಷನ್ ಅಂತ ಯಾರಾದರೂ ಮೂಗು ಮುರಿದರೆ ತಲೆ ಕೆಡಿಸಿಕೊಳ್ಳಬೇಡಿ. ಪಿಕಾಸೊ 1912ರಲ್ಲಿ, ಬೆತ್ತದ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ್ದು ಆಮೇಲೆ ತುಂಬ ಹೆಸರಾಯಿತು, ನಿಜ. ಆದರೆ ಅದಕ್ಕೆ ಎಷ್ಟೋ ಮೊದಲು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಚಿತ್ರಗಳಲ್ಲಿ ಏನಿತ್ತು? ಹಲಗೆ ಅಥವಾ ಬಟ್ಟೆಯ ಮೇಲೆ ಕಾಗದ, ಕಾಗದದ ಮೇಲೆ ಮಕ್ಕಿ ಸಫೇದ ಅನ್ನುವ ಲೇಪದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು, ಪಕ್ಕದಲ್ಲಿ ಬಣ್ಣ. ಇದು ಮಿಕ್ಸೆಡ್ ಮೀಡಿಯಾ ಅಲ್ಲದೆ ಇನ್ನೇನು?

ಈಗ ಮಣ್ಣಿಗೆ ಬರುತ್ತೇನೆ. ನನಗೆ ತುಂಬ ಇಷ್ಟದ ವಿಷಯ ಇದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ಕಡೆಯ ಕೆಮ್ಮಣ್ಣಿಗೆ ಆ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡ್‌ನಿಂದ, ಸುಮ್ನೆ ತುಕ್ಕು ಅನ್ನಿ. ಬಿಸಿಲಿಗೆ ಅದು ಮಾಸುವುದಿಲ್ಲ. ಮಧ್ಯಪ್ರದೇಶದ ಭೀಮ್‌ಬೆಟ್ಕಾದ ಗುಹೆಗಳಲ್ಲಿ ಸಾವಿರಾರು ವರ್ಷದ ಹಿಂದೆ ಬಳಿದ ಕೆಂಪು ಇನ್ನೂ ಕೆಂಪಾಗಿಯೇ ಇದೆ. ನಮ್ಮ ದೇವಸ್ಥಾನದ ಗೋಡೆಗಳ ಕೆಮ್ಮಣ್ಣು ಸುಣ್ಣದ ಪಟ್ಟೆ ನೋಡಿದ್ದೀರಲ್ಲ, ಅದೂ ಇದೇ ಬಣ್ಣ. ಆದರೆ ಹೊಲದಿಂದ ತಂದ ಮಣ್ಣನ್ನು ನೇರವಾಗಿ ಕ್ಯಾನ್ವಾಸಿಗೆ ಮೆತ್ತಿದರೆ ಎರಡು ತೊಂದರೆ. ಅದರಲ್ಲಿ ಮರಳು, ಬೇರು, ಹುಳು ಎಲ್ಲ ಇರುತ್ತವೆ. ಜೊತೆಗೆ ಜೇಡಿ ಅಂಶ ಒಣಗುವಾಗ ಕುಗ್ಗಿ, ಬತ್ತಿದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ.

ನಾನು ಮಾಡುವುದು ಹೀಗೆ. ಒಂದು ಬಕೆಟ್ ನೀರಿಗೆ ಎರಡು ಹಿಡಿ ಮಣ್ಣು ಹಾಕಿ ಚೆನ್ನಾಗಿ ಕಲಕುತ್ತೇನೆ. ಒಂದು ನಿಮಿಷ ಸುಮ್ಮನೆ ಬಿಟ್ಟರೆ ಮರಳು, ಕಲ್ಲು ತಳಕ್ಕೆ ಕೂರುತ್ತದೆ. ಮೇಲಿನ ಕೆನ್ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ ಒಂದು ದಿನ ಅಲುಗಾಡಿಸದೆ ಇಡುತ್ತೇನೆ. ಮಾರನೇ ದಿನ ತಿಳಿನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಂಥ ಕೆಸರು ಉಳಿದಿರುತ್ತದೆ. ಅದನ್ನು ಬಿಸಿಲಿಗೆ ಒಣಗಿಸಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಸೋಸಿದರೆ ಬಣ್ಣದ ಪುಡಿ ಸಿದ್ಧ. ಕುಟ್ಟುವಾಗ ಮೂಗಿಗೆ ಮಾಸ್ಕ್ ಹಾಕಿ. ಕಾಗದಕ್ಕಾದರೆ ಗೋಂದಿನ ನೀರಿನಲ್ಲಿ, ಕ್ಯಾನ್ವಾಸಿಗಾದರೆ ಅಕ್ರಿಲಿಕ್ ಮೀಡಿಯಂನಲ್ಲಿ ಕಲಸಿ. ಮೀಡಿಯಂ ಅಂದರೆ ಬಣ್ಣವಿಲ್ಲದ ಅಕ್ರಿಲಿಕ್, ಅಷ್ಟೇ. ದಪ್ಪ ಬೇಕೆಂದರೆ ಒಂದೇ ಸಲ ಮೆತ್ತಬೇಡಿ. ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ, ಪ್ರತಿ ಸಲ ಒಣಗಲು ಬಿಡಿ. ಬಿರುಕೇ ಬೇಕು, ಒಣಗಿದ ಕೆರೆಯನ್ನೇ ಬರೆಯುತ್ತಿದ್ದೀನಿ ಅಂತೀರಾ? ಹಾಗಾದರೆ ಹಲಗೆಯ ಮೇಲೆ ದಪ್ಪಗೆ ಮೆತ್ತಿ, ಬಿರುಕು ಬಿಟ್ಟ ಮೇಲೆ ತೆಳುವಾದ ಮೀಡಿಯಂ ಹರಿಸಿ. ಅದು ಸಂದಿಗಿಳಿದು ತುಂಡುಗಳನ್ನು ಹಿಡಿದುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಕೋಲಾರದ ಕಡೆ ಹೋದಾಗ ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನು ನೋಡಿ ಎಂಥ ಚಿತ್ರಕಾರರಿಗೂ ಆಸೆಯಾಗುತ್ತದೆ. ಸಂಜೆ ಬಿಸಿಲಿಗೆ ಅವು ಬೇರೆ ಲೋಕದ ಹಾಗೆ ಕಾಣುತ್ತವೆ. ಕುಳಿತು ಬರೆಯಿರಿ, ಫೋಟೊ ತೆಗೆಯಿರಿ. ಮಣ್ಣು ಮಾತ್ರ ತರಬೇಡಿ. ಗಣಿ 2001ರಲ್ಲಿ ಮುಚ್ಚಿತು, ಚಿನ್ನ ತೆಗೆದು ಉಳಿದ ಆ ಪುಡಿ ಅಲ್ಲೇ ಇದೆ. ಅದರ ನುಣುಪಾದ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಮ್ಮ ಕಡೆಯ ಕಲ್ಲು ಕ್ವಾರಿಗಳ ಪುಡಿಯೂ ಅಷ್ಟೇ.

ಅಡುಗೆಮನೆ ಬಣ್ಣಗಳ ಬಗ್ಗೆಯೂ ಹಲವರು ಕೇಳುತ್ತಾರೆ. ಅರಿಶಿನ ಹಚ್ಚಿದ ದಿನ ಸೂರ್ಯನ ಹಾಗೆ ಹೊಳೆಯುತ್ತದೆ. ಸುಣ್ಣ ತಾಗಿಸಿದರೆ ಆರತಿ ನೀರಿನ ಕೆಂಪು ಬರುತ್ತದೆ. ನೋಡಲು ಮಜಾ. ಆದರೆ ಕಿಟಕಿ ಪಕ್ಕ ನೇತುಹಾಕಿದರೆ ಕೆಲವೇ ವಾರಗಳಲ್ಲಿ ಮಾಸುತ್ತದೆ. ಹಳದಿ ಬೇಕಾದರೆ ಹಳದಿ ಮಣ್ಣನ್ನೇ ಹುಡುಕಿ.

ಕಾಗದ ಅಂಟಿಸುವುದರಲ್ಲಿ ಹೆಚ್ಚಿನವರು ಮಾಡುವ ತಪ್ಪು ದಿನಪತ್ರಿಕೆ. ಆ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಅದಕ್ಕೇ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಮೇಲೆ ಮೀಡಿಯಂ ಹಚ್ಚಿದರೆ ಸ್ವಲ್ಪ ತಡವಾಗುತ್ತದೆ, ನಿಲ್ಲುವುದಿಲ್ಲ. ಅದರ ಬದಲು ಒಳ್ಳೆ ಕಾಗದದ ಮೇಲೆ ಜೆರಾಕ್ಸ್ ಮಾಡಿಸಿ ಅಂಟಿಸಿ. ಜೆರಾಕ್ಸ್ ಮತ್ತು ಲೇಸರ್ ಪ್ರಿಂಟಿನ ಶಾಯಿ ನೀರಿಗೆ ಹರಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟ್ ಮಾತ್ರ ಬ್ರಷ್ ತಾಗಿದ ತಕ್ಷಣ ಕಲಸಿ ಹೋಗುವುದೇ ಜಾಸ್ತಿ. ಅಂಟಿಗೆ ಅಕ್ರಿಲಿಕ್ ಮೀಡಿಯಂ ಒಳ್ಳೆಯದು. ಫೆವಿಕಾಲ್ ಕೂಡ ನಡೆಯುತ್ತದೆ, ಆದರೆ ತೇವಕ್ಕೆ ಮೆತ್ತಗಾಗುತ್ತದೆ. ಮೈದಾ ಗೋಂದು ಬೇಡ. ಪುಸ್ತಕ ಹೊಲಿಯುವವರು ಅದಕ್ಕೆ ಮೈಲುತುತ್ತ ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ, ಹುಳುಗಳಿಗೆ ಅದು ಹಬ್ಬದೂಟ. ಮೈಲುತುತ್ತ ವಿಷ, ಮಕ್ಕಳಿರುವ ಮನೆಯಲ್ಲಿ ಆ ಸಾಹಸವೂ ಬೇಡ.

ರೇಷ್ಮೆ ಗೂಡು ಅಂಟಿಸುವುದಾದರೆ ಶಿಡ್ಲಘಟ್ಟದ ಕಡೆ ಚಿಟ್ಟೆ ಹೊರಬಂದ ತೂತು ಗೂಡು ಕೇಳಿ ತನ್ನಿ. ಇಡೀ ಗೂಡು ತಂದರೆ ಒಳಗೆ ಹುಳು ಇರುತ್ತದೆ. ವಾಸನೆ ಬಗ್ಗೆ ನಾನು ಹೇಳಬೇಕಾಗಿಲ್ಲ.

ಇಷ್ಟೆಲ್ಲ ಭಾರ ಹೊರಲು ತಳ ಗಟ್ಟಿ ಇರಬೇಕು. ಮಾಮೂಲಿ ಡ್ರಾಯಿಂಗ್ ಶೀಟ್ ಸುರುಟಿಕೊಳ್ಳುತ್ತದೆ. ಕಾಗದವೇ ಬೇಕಾದರೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ ಇರಲಿ. ಮಣ್ಣು, ಗೂಡು, ಬಟ್ಟೆಗೆ ಪ್ಲೈವುಡ್ ವಾಸಿ. ಎರಡೂ ಬದಿಗೆ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ) ಹಚ್ಚಿ, ಒಂದೇ ಬದಿಗೆ ಹಚ್ಚಿದರೆ ಹಲಗೆ ಬಾಗುತ್ತದೆ.

ಇನ್ನು ಅಮೂರ್ತದ ವಿಷಯ. ನೀವು ಅದನ್ನು ನೇರವಾಗಿ ಕೇಳಿಲ್ಲ, ಆದರೂ ಪ್ರಶ್ನೆಯ ಒಳಗೆ ಇದೆ. ಪ್ರಕೃತಿ ಚಿತ್ರ ಬಿಟ್ಟು ಅಮೂರ್ತಕ್ಕೆ ಹೋಗಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಿಡುವುದು ಯಾಕೆ? ಮಾಂಡ್ರಿಯನ್ ಅನ್ನುವ ಡಚ್ ಕಲಾವಿದ ಮರವನ್ನೇ ಮತ್ತೆ ಮತ್ತೆ ಬರೆದ. ಮೊದಲ ಕೆಂಪು ಮರ ನೋಡಿದರೆ ಮರವೇ. 1911ರ ಬೂದು ಮರದಲ್ಲಿ ಕೊಂಬೆಗಳು ಕಮಾನುಗಳಾಗಿವೆ. 1912ರ ಹೂಬಿಟ್ಟ ಸೇಬಿನ ಮರದಲ್ಲಿ ಗೆರೆಗಳಷ್ಟೇ ಉಳಿದಿವೆ. ಮರವನ್ನು ಅಷ್ಟು ನೋಡಿದ್ದರಿಂದಲೇ ಅವನಿಗೆ ಅದು ಸಾಧ್ಯವಾಯಿತು. ನಮ್ಮ ದೇಶದ ಅಮೂರ್ತ ಚಿತ್ರಕಾರ ವಿ. ಎಸ್. ಗಾಯ್ತೊಂಡೆ ಅವರು ರೋಲರ್ ಮತ್ತು ಪ್ಯಾಲೆಟ್ ನೈಫ್ ಹಿಡಿದು, ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ ಕೆಲಸ ಮಾಡುತ್ತಿದ್ದರು. ಅವರ ಚಿತ್ರದಲ್ಲಿ ಬೆಟ್ಟವೂ ಇಲ್ಲ, ಕೆರೆಯೂ ಇಲ್ಲ. ಆದರೂ ನನಗೆ ಮಂಜಿನ ಬೆಳಗ್ಗೆ ನೆನಪಾಗುತ್ತದೆ. ಮೊದಲು ನೋಡಿ ಕಲಿಯಲು ನಮ್ಮ ಪಕ್ಕದ ದೊಡ್ಡಬಳ್ಳಾಪುರದ ಚಿತ್ರಕಾರ ರುಮಾಲೆ ಚನ್ನಬಸವಯ್ಯ ಅವರ ಚಿತ್ರಗಳಿವೆ. ಹೂ ತುಂಬಿದ ಮರಗಳನ್ನು ಅವರು ಬರೆದ ಹಾಗೆ ಬರೆದವರು ಕಡಿಮೆ.

ನಾನು ಕಂಡುಕೊಂಡ ದಾರಿ ಪಹಣಿ. ನಮ್ಮ ಹೊಲದ ಹಳೆ ಪಹಣಿ ಮತ್ತು ಸರ್ವೆ ನಕ್ಷೆಯನ್ನು ಜೆರಾಕ್ಸ್ ಮಾಡಿಸಿ ಹಲಗೆಗೆ ಅಂಟಿಸಿದೆ. ನಕ್ಷೆಯ ಬದುಗಳ ಗೆರೆಗಳೇ ಚಿತ್ರದ ಗೆರೆಗಳಾದವು. ಆ ಚೌಕಗಳಲ್ಲಿ ಅದೇ ಹೊಲದ ಮಣ್ಣು, ಅಲ್ಲಲ್ಲಿ ತೆಳುವಾದ ಹಸಿರು ಅಕ್ರಿಲಿಕ್, ಕೊನೆಗೆ ಆಯಿಲ್ ಪೇಸ್ಟಲ್‌ನ ನಾಲ್ಕು ಗೀಟು. ನೋಡಿದವರಿಗೆ ಅದು ಬಣ್ಣದ ಚೌಕಗಳು. ನಮ್ಮಪ್ಪ ಮಾತ್ರ ಬೆರಳಿಟ್ಟು, "ಇಲ್ಲಿ ಹುಣಸೆ ಮರ ಇತ್ತಲ್ಲೋ, ಎಲ್ಲಿ?" ಅಂದರು.

ಮಣ್ಣು, ಕಾಗದ, ಗೂಡು, ಗುಂಡಿ, ಗೆಜ್ಜೆ ಎಲ್ಲವನ್ನೂ ಒಂದೇ ಹಲಗೆಗೆ ತುಂಬಬೇಡಿ. ಜಾತ್ರೆ ಅಂಗಡಿ ಆಗುತ್ತದೆ. ಬಣ್ಣದ ಜೊತೆ ಒಂದೋ ಎರಡೋ ಹೊರಗಿನ ವಸ್ತು ಸಾಕು, ಅದೂ ಚಿತ್ರದ ಜಾಗದಿಂದಲೇ ಬಂದಿದ್ದರೆ ಚೆಂದ. ಇದು ನನ್ನ ರುಚಿ, ನೀವು ಜಗಳವಾಡಬಹುದು.

ದೊಡ್ಡ ಚಿತ್ರಕ್ಕೆ ಕೈ ಹಾಕುವ ಮೊದಲು ಒಂದು ಅಂಗೈ ಅಗಲದ ತುಂಡಿನ ಮೇಲೆ ಅದೇ ಪದರಗಳನ್ನು ಅದೇ ಕ್ರಮದಲ್ಲಿ ಹಚ್ಚಿ. ಎರಡು ವಾರ ಬಿಟ್ಟು, ಬ್ಲೇಡಿನಿಂದ ಸಣ್ಣ ಗೀರು ಹಾಕಿ, ಸೆಲ್ಲೋಟೇಪ್ ಒತ್ತಿ ಅಂಟಿಸಿ ಒಮ್ಮೆಗೇ ಎಳೆಯಿರಿ. ಟೇಪಿನ ಜೊತೆ ಬಣ್ಣ ಬಂದರೆ ಆ ಜೋಡಿ ಕೂಡಿ ಬಾಳುವುದಿಲ್ಲ. ಹಿಂದೆ ಏನೇನು ಹಚ್ಚಿದಿರಿ ಅಂತ ಪೆನ್ಸಿಲಿನಲ್ಲಿ ಬರೆದಿಡಿ, ಇಲ್ಲದಿದ್ದರೆ ಮೂರನೇ ತುಂಡಿಗೆ ಎಲ್ಲ ಮರೆತು ಹೋಗುತ್ತದೆ.

ಈಗಾಗಲೇ ಪೊರೆ ಏಳುತ್ತಿರುವ ನಿಮ್ಮ ಚಿತ್ರವನ್ನು ಅಂಟು ಹಾಕಿ ಉಳಿಸಲು ಹೋಗಬೇಡಿ, ಕೆಳಗೆ ಜಿಡ್ಡು ಇರುವವರೆಗೆ ಅದು ನಿಲ್ಲುವುದಿಲ್ಲ. ಸಡಿಲವಾಗಿ ಎದ್ದದ್ದನ್ನೆಲ್ಲ ಉಗುರಿನಿಂದ ಮೆಲ್ಲಗೆ ತೆಗೆಯಿರಿ. ಖಾಲಿಯಾದ ಜಾಗಕ್ಕೆ ಮತ್ತೆ ಆಯಿಲ್ ಪೇಸ್ಟಲ್ ಅನ್ನೇ ಹಚ್ಚಿ. ಗಾಜಿನ ಫ್ರೇಮ್ ಹಾಕಿಸುವಾಗ ಒಳಗೆ ಮೌಂಟ್ ಬೋರ್ಡ್ ಕೊಡಿಸಿ, ಗಾಜು ಚಿತ್ರಕ್ಕೆ ತಾಗಬಾರದು. ಕಿತ್ತ ಪೊರೆಗಳನ್ನು ಎಸೆಯಬೇಡಿ. ನನ್ನ ಮೋಡದ ಚೂರುಗಳು ಒಂದು ಮಾತ್ರೆ ಡಬ್ಬಿಯಲ್ಲಿ ಎಷ್ಟೋ ದಿನ ಇದ್ದವು. ಕೊನೆಗೆ ಅವುಗಳ ಹಿಂಬದಿಯ ಜಿಡ್ಡು ಒರೆಸಿ, ಮೀಡಿಯಂ ಹಚ್ಚಿ, ಪಹಣಿ ಚಿತ್ರದಲ್ಲಿ ಹುಣಸೆ ಮರ ಇದ್ದ ಜಾಗಕ್ಕೆ ಅಂಟಿಸಿದೆ. ಅಪ್ಪ ಅದನ್ನು ಇನ್ನೂ ಒಪ್ಪಿಲ್ಲ.