ಬೆಂಗಳೂರಿನಿಂದ ಮಂಗಳೂರಿಗೆ ಎಷ್ಟು ದೂರ?

ಬೆಂಗಳೂರು ಮತ್ತು ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, ಅಂದರೆ ಉತ್ತರ 13 ಡಿಗ್ರಿಯ ಆಸುಪಾಸಿನಲ್ಲಿ ಇರುವುದರಿಂದ, ಅವುಗಳ ನಡುವಿನ ನೇರ ದೂರವನ್ನು ಒಂದು ಚೀಟಿಯ ಮೇಲೆಯೇ ಲೆಕ್ಕ ಹಾಕಬಹುದು. ಎರಡೂ ಊರುಗಳ ರೇಖಾಂಶಗಳಿಗೆ ಸುಮಾರು 2.75 ಡಿಗ್ರಿ ವ್ಯತ್ಯಾಸವಿದೆ. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 108 ಕಿ.ಮೀ. ಗುಣಿಸಿದರೆ 300 ಕಿ.ಮೀ.ಗೆ ತುಸು ಕಡಿಮೆ. ನೆಲಮಂಗಲ, ಹಾಸನ, ಸಕಲೇಶಪುರಗಳ ಮೂಲಕ ಹೋಗುವ ರಸ್ತೆ ಸುಮಾರು 350 ಕಿ.ಮೀ. ಉದ್ದವಿದೆ. ನಡುವೆ ಪಶ್ಚಿಮ ಘಟ್ಟವೇ ಅಡ್ಡ ನಿಂತಿದ್ದರೂ ರಸ್ತೆಯ ಸುತ್ತು ಆರನೆಯ ಒಂದು ಪಾಲು ಮಾತ್ರ.

ಘಟ್ಟವು ದೂರಕ್ಕಿಂತ ಹೆಚ್ಚಾಗಿ ಸಮಯವನ್ನು ತಿನ್ನುತ್ತದೆ. ಬೆಂಗಳೂರೂ ಸಕಲೇಶಪುರವೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿವೆ. ಹೀಗಾಗಿ 220 ಕಿ.ಮೀ. ಕ್ರಮಿಸಿದರೂ ಪ್ರಯಾಣಿಕನು ಒಟ್ಟಾರೆ ಇಳಿದಿರುವುದಿಲ್ಲ. ಇಳಿಯಬೇಕಾದದ್ದೆಲ್ಲ ಶಿರಾಡಿ ಘಾಟಿಯ ಸುಮಾರು 26 ಕಿ.ಮೀ.ಯಲ್ಲಿ ರಾಶಿಬಿದ್ದಿದೆ. ರೈಲಿಗೆ ಅಷ್ಟು ಕಡಿದಾದ ದಾರಿ ಆಗದು. ಉಕ್ಕಿನ ಗಾಲಿಗೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆಯಾದ್ದರಿಂದ, ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಮಾರ್ಗವನ್ನು 50 ಮೀಟರ್ ಸಾಗಿದರೆ 1 ಮೀಟರ್ ಇಳಿಯುವಂತೆ ಹಾಕಲಾಗಿದೆ. ಬಹುತೇಕ ಅಷ್ಟೇ ಇಳಿತಕ್ಕೆ ರೈಲು 55 ಕಿ.ಮೀ. ಸುತ್ತಿ, 57 ಸುರಂಗಗಳನ್ನು ಹಾಯ್ದು, ಎರಡು ಗಂಟೆಗೂ ಹೆಚ್ಚು ಕಾಲ ತೆವಳುತ್ತದೆ. ಕಿಟಕಿಯ ಪಕ್ಕ ಕುಳಿತವರು ಇದಕ್ಕೆ ದೂರಿದ್ದನ್ನು ನಾನಂತೂ ಕೇಳಿಲ್ಲ.

ವಿಮಾನಕ್ಕೆ ಘಟ್ಟದ ಹಂಗಿಲ್ಲ. ಅದರ ಇಕ್ಕಟ್ಟೇ ಬೇರೆ. ದೇವನಹಳ್ಳಿಯಿಂದ ಬಜ್ಪೆಗೆ ನೇರ ದೂರ ಸುಮಾರು 305 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದು 23 ನಿಮಿಷಗಳ ಹಾದಿ, ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆ ಎಂದಿರುತ್ತದೆ. ಮೂರು ಡಿಗ್ರಿಯ ಹಿತವಾದ ಇಳಿಜಾರಿನಲ್ಲಿ 9 ಕಿ.ಮೀ. ಎತ್ತರದಿಂದ ನೆಲ ಮುಟ್ಟಲು ಸುಮಾರು 170 ಕಿ.ಮೀ. ಬೇಕು, ಏರಲು ಬೇಕಾದ ದೂರವನ್ನೂ ಸೇರಿಸಿದರೆ ಪೂರ್ಣ ವೇಗದಲ್ಲಿ ಹಾರಲು ಅವಕಾಶವೇ ಉಳಿಯುವುದಿಲ್ಲ. ಆದ್ದರಿಂದ ಇಂಥ ಕಿರುಹಾದಿಯಲ್ಲಿ ವಿಮಾನವು ತಗ್ಗಿನಲ್ಲಿಯೇ ಹಾರಿ ಇಳಿಯತೊಡಗುತ್ತದೆ. ನಿಲುಗಡೆಯಿಂದ ರನ್‌ವೇ ತಲುಪುವ ಓಡಾಟ, ಸರದಿಗಾಗಿ ಕಾಯುವುದು, ಇಳಿದ ಮೇಲೆ ಮತ್ತೆ ನಿಲುಗಡೆಗೆ ಬರುವುದು ಇವೆಲ್ಲವೂ ಆ ಒಂದು ಗಂಟೆಯೊಳಗೇ ಸೇರಿವೆ.

ಇನ್ನು ಮನೆಯಿಂದ ಮನೆಗೆ ಲೆಕ್ಕ ಹಾಕೋಣ. ಕೆಂಗೇರಿಯವರು ಮಂಗಳೂರಿಗೆ ಹೊರಟರೆ ಮೊದಲು ಅದಕ್ಕೆ ಬೆನ್ನು ಹಾಕಿ ಈಶಾನ್ಯಕ್ಕೆ ಸಾಗಬೇಕು. ದೇವನಹಳ್ಳಿಗೆ ಒಂದೂವರೆ ಗಂಟೆ, ಅಲ್ಲಿ ಒಂದೂವರೆ ಗಂಟೆಯ ಕಾಯುವಿಕೆ, ಹಾರಾಟಕ್ಕೆ ಒಂದು ಗಂಟೆ, ಸಾಮಾನು ಪಡೆದು ಊರು ಸೇರಲು ಮತ್ತೊಂದು ಗಂಟೆ ಎಂದಿಟ್ಟುಕೊಂಡರೆ ಒಟ್ಟು ಐದು ಗಂಟೆ. ನೇರ ದೂರವನ್ನು ಇದರಿಂದ ಭಾಗಿಸಿದರೆ ಸಿಗುವ ವೇಗ ಗಂಟೆಗೆ 60 ಕಿ.ಮೀ. ಮಾತ್ರ. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಹಿಡಿದರೂ ಅದರಲ್ಲಿ ಹೆಚ್ಚಿನದು ನಿದ್ದೆಯ ಹೊತ್ತು. ಉಪ್ಪಿನಂಗಡಿಯವರಿಗಂತೂ ವಿಮಾನದ ಲಾಭ ಇನ್ನೂ ಕರಗುತ್ತದೆ: ಬಸ್ಸು ಅವರನ್ನು ಊರಿನಲ್ಲೇ ಇಳಿಸಿ ಮುಂದೆ ಹೋಗುತ್ತದೆ, ವಿಮಾನದಲ್ಲಿ ಬಂದವರು ಊರನ್ನು ದಾಟಿ ಪಶ್ಚಿಮಕ್ಕೆ ಹೋಗಿ, ಬಜ್ಪೆಯಲ್ಲಿಳಿದು, ಅದೇ ಘಾಟಿಯ ಕಡೆಗೆ ಸುಮಾರು 50 ಕಿ.ಮೀ. ಹಿಂದೆ ಬರಬೇಕು.